ಒಂಬತ್ತನೇ ತರಗತಿಯವರ ಸಿಂಗಾಪುರ ಪ್ರವಾಸ: ಪೋಷಕರ ಸಭೆಗೆ ಮುಂಚೆ ಏನೇನು ಬರೆದಿಡಬೇಕು?

ಅಘನಾಶಿನಿ (ಪ್ರಶ್ನೆ)
ಶಿರಸಿಯ ನಮ್ಮ ಶಾಲೆಯಿಂದ 36 ಮಕ್ಕಳು, 4 ಶಿಕ್ಷಕರು ಡಿಸೆಂಬರಿನಲ್ಲಿ ಹೊರಟಿದ್ದೇವೆ. ರಾತ್ರಿ ಬಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ವಿಮಾನ. ನಿಯಮಗಳ ಪಟ್ಟಿ ಸಿದ್ಧವಿದೆ: ಶಿಸ್ತು, ಸಮಯಪಾಲನೆ, ಮೊಬೈಲ್ ಮಿತಿ, ತಪ್ಪಿ ನಡೆದವರು ಕೂಡಲೇ ಮನೆಗೆ ವಾಪಸು. ಬಿಟ್ಟುಹೋದದ್ದು ಏನಿದೆ? ಗೊತ್ತಿದ್ದವರು ತಿಳಿಸಿ.

ಕಾಳಿ ದಂಡೆ
ಮೇಡಂ, ಮೊದಲು ಆ ಕೊನೆಯ ಸಾಲು ತೆಗೆಯಿರಿ. 14 ವರ್ಷದ ಮಗುವನ್ನು ಒಬ್ಬನೇ ವಿಮಾನ ಹತ್ತಿಸಬಾರದು, ಒಬ್ಬ ಶಿಕ್ಷಕರು ಜೊತೆಗೆ ಬರಲೇಬೇಕು. ಉಳಿದ 35 ಮಕ್ಕಳಿಗೆ ಮೂವರಾದಿರಿ. ಅದೇ ಹೊತ್ತಿಗೆ ಮತ್ತೊಬ್ಬರಿಗೆ ಜ್ವರ ಬಂದು ಆಸ್ಪತ್ರೆ ಸೇರಿದರೆ ಇಬ್ಬರೇ. ನಡೆಸಲಾಗದ ಬೆದರಿಕೆ ಎಂಬುದು ಮಕ್ಕಳಿಗೆ ಬೇಗ ಗೊತ್ತಾಗುತ್ತದೆ. ನಿಜವೆಂದು ನಂಬಿ ಹೆದರಿದವರ ಕಥೆ ಇನ್ನೂ ಕಷ್ಟ: ಪಾಸ್‌ಪೋರ್ಟ್ ಕಳೆದುಹೋದರೂ ಸಂಜೆಯವರೆಗೆ ಬಾಯಿ ಬಿಡುವುದಿಲ್ಲ. ತಾವಾಗಿ ಬಂದು ಹೇಳಿದವರಿಗೆ ಅಲ್ಲಿ ಶಿಕ್ಷೆಯಿಲ್ಲ ಎಂದು ಸಭೆಯಲ್ಲಿ ಪೋಷಕರ ಎದುರೇ ಹೇಳಿ. ಶಿಸ್ತು ಮುರಿದವರಿಗೆ ಮರುದಿನ ಪೂರ್ತಿ ಶಿಕ್ಷಕರ ಪಕ್ಕದಲ್ಲೇ ಓಡಾಟ, ರಾತ್ರಿ ಮೊಬೈಲ್ ಇಲ್ಲ. ಇದನ್ನು ನಿಜಕ್ಕೂ ಮಾಡಲು ಬರುತ್ತದೆ.

ಎಣಿಕೆಯನ್ನು 36ರ ತನಕ ಕೂಗಿಸಬೇಡಿ, ಗದ್ದಲದಲ್ಲಿ ಒಬ್ಬರ ಸಂಖ್ಯೆಯನ್ನು ಇನ್ನೊಬ್ಬರು ಕೂಗಿಬಿಡುತ್ತಾರೆ. 9 ಮಕ್ಕಳ ನಾಲ್ಕು ಗುಂಪು ಮಾಡಿ, ಗುಂಪಿಗೊಬ್ಬ ಶಿಕ್ಷಕರು. ಪ್ರತಿ ಮಗುವಿಗೂ ತನ್ನ ಹಿಂದಿನವರು ಮುಂದಿನವರು ಯಾರೆಂದು ಗೊತ್ತಿರಲಿ. ಬಸ್ ಇಳಿದ ಮೇಲಷ್ಟೇ ಅಲ್ಲ, ಹತ್ತುವ ಮೊದಲೂ ಎಣಿಸಬೇಕು.

ಮಗು ತಪ್ಪಿಹೋಗುವುದು ಹೆಚ್ಚಾಗಿ ಮೆಟ್ರೊ ರೈಲಿನ ಬಾಗಿಲಲ್ಲಿ. ಬಾಗಿಲು ಮುಚ್ಚಿದ ಮೇಲೆ ಯಾರಿಗೂ ಕಾಯುವುದಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಉಳಿದವನು ಅಲ್ಲೇ ನಿಲ್ಲಬೇಕು, ಮುಂದಿನ ರೈಲು ಹತ್ತಬಾರದು. ಒಬ್ಬನೇ ರೈಲಿನಲ್ಲಿ ಹೋದವನು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲಬೇಕು. ಮಗುವೂ ಶಿಕ್ಷಕರೂ ಇಬ್ಬರೂ ಹುಡುಕಲು ಹೊರಟರೆ ಒಬ್ಬರಿಗೊಬ್ಬರು ಸಿಗುವುದೇ ಇಲ್ಲ. ಇದನ್ನು ಶಾಲೆಯ ಅಂಗಳದಲ್ಲಿ ಎರಡು ಬೆಂಚು ಇಟ್ಟು ಆಡಿಸಿ ಕಲಿಸಿ. ಕೊನೆಯ ಶಿಕ್ಷಕರು ಎಲ್ಲರ ಹಿಂದೆಯೇ ಹತ್ತಬೇಕು.

ಕೊರಳಿನ ಕಾರ್ಡಿನಲ್ಲಿ ಮಗುವಿನ ಹೆಸರು ದೊಡ್ಡದಾಗಿ ಬೇಡ, ಅಪರಿಚಿತರು ಹೆಸರು ಹಿಡಿದು ಕರೆದರೆ ಮಕ್ಕಳು ನಂಬುತ್ತಾರೆ. ಕಿಸೆಯ ಚೀಟಿಯಲ್ಲಿ ಹೋಟೆಲಿನ ವಿಳಾಸ, ಇಬ್ಬರು ಶಿಕ್ಷಕರ ನಂಬರು, ಅಲ್ಲಿಯ ಪೊಲೀಸ್ 999, ಆಂಬುಲೆನ್ಸ್ 995.

ಬನವಾಸಿ ದಾರಿ
ಚೀಲದ ವಿಷಯ ನಮ್ಮ ಕಡೆಯವರಿಗೆ ಬೇರೆಯಾಗಿಯೇ ಹೇಳಬೇಕು. ಗಸಗಸೆ ಸಿಂಗಾಪುರದಲ್ಲಿ ನಿಷಿದ್ಧ. ಅಜ್ಜಿ ಪ್ರೀತಿಯಿಂದ ಕಟ್ಟಿಕೊಟ್ಟ ಕರ್ಜಿಕಾಯಿಯಲ್ಲಿ ಗಸಗಸೆ ಇರಬಹುದು, ಮನೆಯಲ್ಲಿ ಕೇಳಿಯೇ ಹಾಕಿ. ಜಗಿಯುವ ತಂಬಾಕು, ಗುಟ್ಕಾ ಕೂಡ ನಿಷಿದ್ಧ. ದೊಡ್ಡವರ ಹಳೆಯ ಚೀಲ ಕೊಡುವ ಮನೆಗಳಲ್ಲಿ ಕವಳದ ಸಾಮಾನು ಮೂಲೆಯಲ್ಲಿ ಉಳಿದಿರುತ್ತದೆ, ಚೀಲ ಕೊಡವಿ ನೋಡಲಿ. ಚೂಯಿಂಗ್ ಗಮ್ ಆಮದಿಗೆ 1992ರಿಂದಲೇ ನಿಷೇಧ. ವೇಪ್ (ಇ-ಸಿಗರೇಟ್) ಕೈಯಲ್ಲಿದ್ದರೇ ಅಪರಾಧ, ಸೇದಿಲ್ಲ ಎಂಬ ಮಾತು ನಡೆಯುವುದಿಲ್ಲ.

ಮಿಡಿ ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಕೈಚೀಲದ ದ್ರವಗಳಿಗಿರುವ 100 ಮಿಲಿ ಮಿತಿಯ ನಿಯಮಕ್ಕೆ ಸಿಕ್ಕಿ ಭದ್ರತಾ ತಪಾಸಣೆಯಲ್ಲೇ ಉಳಿಯುತ್ತದೆ. ಪವರ್ ಬ್ಯಾಂಕ್ ಇದಕ್ಕೆ ತಿರುಗುಮುರುಗು: ಕೈಚೀಲದಲ್ಲೇ ಇರಬೇಕು, ಲಗೇಜಿನಲ್ಲಿ ಕೂಡದು.

ಔಷಧಿ ಮೂಲ ಪೊಟ್ಟಣದಲ್ಲೇ ಇರಲಿ, ವೈದ್ಯರ ಚೀಟಿಯ ಸಮೇತ. ಕೊಡೀನ್ ಇರುವ ಕೆಮ್ಮಿನ ಔಷಧಿಗೆ ಅಲ್ಲಿ ಮುಂಚಿತವಾಗಿ ಅನುಮತಿ ಬೇಕು, ಬೇರೆ ಸಿರಪ್ ಬರೆಸಿಕೊಳ್ಳುವುದೇ ಸುಲಭ. ಉಬ್ಬಸದ ಮಗುವಿನ ಇನ್ಹೇಲರ್ ಒಂದು ಮಗುವಿನ ಹತ್ತಿರ, ಇನ್ನೊಂದು ಶಿಕ್ಷಕರ ಹತ್ತಿರ. ವಿಮೆ ಮಾಡಿಸುವಾಗ ಉಬ್ಬಸ, ಫಿಟ್ಸ್ ಇದ್ದರೆ ಮುಚ್ಚಿಡಬಾರದು. ಮುಚ್ಚಿಟ್ಟರೆ ಆಸ್ಪತ್ರೆಯ ಬಿಲ್ಲು ಪೋಷಕರ ತಲೆಗೇ ಬೀಳಬಹುದು.

ಅಘನಾಶಿನಿ
ಗಸಗಸೆ ವಿಷಯ ಗೊತ್ತೇ ಇರಲಿಲ್ಲ, ಉಪಕಾರವಾಯಿತು. ರಾತ್ರಿ ಕೋಣೆಗಳ ವ್ಯವಸ್ಥೆ ಹೇಗೆ? ಹೋಟೆಲಿನಲ್ಲಿ ಈಜುಕೊಳವಿದೆ, ಸೆಂಟೋಸಾ ಕಡಲತೀರಕ್ಕೂ ಹೋಗುವುದಿದೆ.

ಕಡಲತಡಿ
ಕೋಣೆಗೆ ಮೂವರಿದ್ದರೆ ಒಳ್ಳೆಯದು. ಇಬ್ಬರಲ್ಲಿ ಒಬ್ಬರು ಮಲಗಿದರೆ ಇನ್ನೊಬ್ಬರಿಗೆ ಜೊತೆಯಿಲ್ಲ. ಎಲ್ಲ ಕೋಣೆಗಳೂ ಒಂದೇ ಮಹಡಿಯಲ್ಲಿ, ಲಿಫ್ಟ್ ಮತ್ತು ಮೆಟ್ಟಿಲ ಪಕ್ಕ ಶಿಕ್ಷಕರ ಕೋಣೆ. ಹುಡುಗಿಯರ ಕೋಣೆಗಳನ್ನು ಶಿಕ್ಷಕಿಯರೇ ನೋಡಬೇಕು, ಹಾಗಾಗಿ ನಾಲ್ವರಲ್ಲಿ ಇಬ್ಬರಾದರೂ ಮಹಿಳೆಯರಿರಲಿ. ಶಿಕ್ಷಕರು ಒಂದು ಮಗುವಿನೊಂದಿಗೆ ಬಾಗಿಲು ಮುಚ್ಚಿ ಕೂರುವ ಸಂದರ್ಭವೇ ಬರಬಾರದು. ಜ್ವರ ನೋಡಲೂ ಇಬ್ಬರು ಹೋಗಬೇಕು, ಬಾಗಿಲು ತೆರೆದಿರಬೇಕು. ಬೆಂಕಿಯ ದಾರಿಯನ್ನು ಮೊದಲ ಸಂಜೆಯೇ ನಡೆಸಿ ತೋರಿಸಿ, ಲಿಫ್ಟ್ ಬಳಸದೆ.

ನೀರಿನ ವಿಷಯದಲ್ಲಿ ಸಡಿಲು ಬೇಡವೇ ಬೇಡ. 2024ರ ಡಿಸೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಕಡಲ ಪಕ್ಕ ಬೆಳೆದ ಮಕ್ಕಳು ತಮಗೆ ಈಜು ಬರುತ್ತದೆ ಎನ್ನುತ್ತಾರೆ. ಹೊಳೆಯಲ್ಲಿ ಕಲಿತ ಈಜು ಹಿಂದಕ್ಕೆಳೆಯುವ ಅಲೆಯಲ್ಲಿ ಸಾಲುವುದಿಲ್ಲ. ಲೈಫ್‌ಗಾರ್ಡ್ ಇಲ್ಲದ ಹೋಟೆಲ್ ಕೊಳಕ್ಕೆ ಇಳಿಸಲೇಬೇಡಿ. ಸೆಂಟೋಸಾದಲ್ಲಿ ಲೈಫ್‌ಗಾರ್ಡ್ ಕಣ್ಣಳತೆಯಲ್ಲಿ, ಒಂದು ಸಲಕ್ಕೆ ಒಂದೇ ಗುಂಪು, ಮೊಣಕಾಲು ಮಟ್ಟದ ನೀರು, ಒಬ್ಬ ಶಿಕ್ಷಕರು ಫೋಟೊ ತೆಗೆಯದೆ ಬರೀ ಎಣಿಸುತ್ತ ನಿಲ್ಲಬೇಕು. ಹೋಟೆಲಿನ ಹೆಸರು ಕಾಣುವ ಫೋಟೊಗಳನ್ನು ಅಲ್ಲಿಂದ ಹೊರಟ ಮೇಲೆ ಹಾಕಲು ಪೋಷಕರಿಗೂ ಹೇಳಿ.

ಕಾಳಿ ದಂಡೆ
ಕಾಗದಪತ್ರದ ಮಾತು ಉಳಿದಿತ್ತು. ವೀಸಾ ಅಲ್ಲದೆ ಎಸ್‌ಜಿ ಅರೈವಲ್ ಕಾರ್ಡನ್ನೂ (ಸಿಂಗಾಪುರ ಪ್ರವೇಶದ ಆನ್‌ಲೈನ್ ಫಾರಂ) ತುಂಬಬೇಕು, ತಲುಪುವ ದಿನವೂ ಸೇರಿ 3 ದಿನಗಳ ಒಳಗೆ. ಸರ್ಕಾರಿ ಜಾಲತಾಣದಲ್ಲಿ ಉಚಿತ, ಹಣ ಕೇಳುವ ತಾಣಗಳಿಂದ ದೂರವಿರಿ. ರಾತ್ರಿ ಬಸ್ಸಿನ ಸುಸ್ತಿನಲ್ಲಿ ಪಾಸ್‌ಪೋರ್ಟನ್ನು ವಿಮಾನದ ಸೀಟಿನ ಮುಂದಿನ ಜೇಬಿನಲ್ಲಿ ಬಿಟ್ಟು ಇಳಿಯುತ್ತಾರೆ. ವಿಮಾನ ಹತ್ತಿದೊಡನೆ ಗುಂಪಿನ ಶಿಕ್ಷಕರು 9 ಪಾಸ್‌ಪೋರ್ಟ್ ತೆಗೆದುಕೊಂಡು ಇಳಿಯುವಾಗ ಕೈಗೆ ಕೊಡಲಿ. ಕಳೆದರೆ ಮೊದಲು ಪೊಲೀಸ್ ದೂರು, ನಂತರ ಭಾರತೀಯ ಹೈಕಮಿಷನ್‌ನಲ್ಲಿ ತುರ್ತು ಪ್ರಯಾಣಪತ್ರ. ಅದಕ್ಕೆ ಪ್ರತಿ ಮಗುವಿನ ಪಾಸ್‌ಪೋರ್ಟ್ ನಕಲು, 2 ಫೋಟೊ, ತಂದೆತಾಯಿಯ ಸಹಿಯ ಒಪ್ಪಿಗೆಪತ್ರ ನಿಮ್ಮ ಫೈಲಿನಲ್ಲಿರಲಿ, ಇನ್ನೊಂದು ಸೆಟ್ ಶಾಲೆಯ ಕಚೇರಿಯಲ್ಲಿ.