ಅಪ್‌ಡೇಟ್: ಎಂಜಿನಿಯರಿಂಗ್ ಓದುತ್ತಿದ್ದವನು ಹಣಕಾಸು ಯೋಜನೆಯತ್ತ ತಿರುಗಿದ್ದು ಎಲ್ಲಿಗೆ ಬಂತು

ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿರುವಾಗ ಹಣಕಾಸು ಯೋಜಕನಾಗುವ ಆಸೆ ಹುಟ್ಟಿದೆ, ಈ ಪದವಿಯನ್ನು ಬಿಟ್ಟುಬಿಡಬೇಕೇ ಎಂದು ಮೂರು ವಾರಗಳ ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆಗಳು, ಮುಂದೆ ನಡೆದದ್ದು ಹೀಗಿದೆ.

ಕೂಡಲೇ ವಾಣಿಜ್ಯ ಪದವಿಗೆ ಸೇರಿಕೊಳ್ಳಿ ಎಂಬ ಸಲಹೆ ನನಗೆ ಹೊಂದಲಿಲ್ಲ; ಹಾಗೆ ಮಾಡಿದರೆ, ಮುಗಿಸಿದ ವಿಷಯಗಳಲ್ಲಿ ಗಣಿತ, ಸಂಖ್ಯಾಶಾಸ್ತ್ರ ಬಿಟ್ಟು ಬೇರೇನೂ ಲೆಕ್ಕಕ್ಕೆ ಬರುವುದಿಲ್ಲವೆಂದು ಕಾಲೇಜಿನ ಕಚೇರಿಯಲ್ಲಿ ತಿಳಿಸಿದರು. ಕೆಲಸಕ್ಕೆ ಬಂದದ್ದು, ‘ಮೊದಲು ಯೋಜಕರೊಬ್ಬರ ಬಳಿ ಒಂದು ವಾರ ಸುಮ್ಮನೆ ಕೂತು ನೋಡಿ’ ಎಂಬ ಮಾತು. ಪರಿಚಯದ ಯೋಜಕರೊಬ್ಬರು ಗ್ರಾಹಕರ ಒಪ್ಪಿಗೆ ಪಡೆದು ನನ್ನನ್ನು ಮೂಲೆಯಲ್ಲಿ ಕೂರಿಸಿಕೊಂಡರು. ಮೊದಲ ಭೇಟಿಯಲ್ಲಿ ಹೂಡಿಕೆಯ ಮಾತೇ ಬರಲಿಲ್ಲ. ದಂಪತಿಗೆ ಒಂದೊಂದು ಖಾಲಿ ಹಾಳೆ ಕೊಟ್ಟು, ತಿಂಗಳ ಖರ್ಚನ್ನು ಒಬ್ಬರದನ್ನೊಬ್ಬರು ನೋಡದೆ ಬರೆಯಿರಿ ಎಂದರು. ಎರಡು ಮೊತ್ತಗಳು ತಾಳೆಯಾಗದೆ ಮುಂದಿನ ಮುಕ್ಕಾಲು ಗಂಟೆ ಅದರಲ್ಲೇ ಕಳೆಯಿತು. ಶೇಕಡ 8ರ ಚಕ್ರಬಡ್ಡಿಯಲ್ಲಿ ಹಣ ಸುಮಾರು 9 ವರ್ಷಕ್ಕೆ ಇಮ್ಮಡಿಯಾಗುತ್ತದೆಂದು, 72ನ್ನು ಬಡ್ಡಿದರದಿಂದ ಭಾಗಿಸುವ ಸುಲಭ ಸೂತ್ರ ಬಳಸಿ ನಾನು ಥಟ್ಟನೆ ಹೇಳಬಲ್ಲೆ. ಆದರೆ ಆ ಕೋಣೆಯ ಮೌನವನ್ನು ನಿಭಾಯಿಸಲು ನನ್ನಿಂದ ಖಂಡಿತ ಆಗುತ್ತಿರಲಿಲ್ಲ.

ನನಗೆ ಗೊತ್ತಿರದಿದ್ದ ಇನ್ನೊಂದು ಸಂಗತಿಯೆಂದರೆ, ಹಣಕಾಸು ಯೋಜಕರಿಗೆ ಕೊಡುವ ಸಿಎಫ್‌ಪಿ (ಸರ್ಟಿಫೈಡ್ ಫೈನಾನ್ಶಿಯಲ್ ಪ್ಲಾನರ್) ಪ್ರಮಾಣಪತ್ರಕ್ಕೆ ಪರೀಕ್ಷೆಯೊಂದೇ ಸಾಲದು. ನಿಗದಿತ ವ್ಯಾಸಂಗ, ಕೆಲಸದ ಅನುಭವ ಹಾಗೂ ನೀತಿಸಂಹಿತೆಗೆ ಬದ್ಧತೆಯೂ ಬೇಕು. ಪರೀಕ್ಷೆಯ ಪುಸ್ತಕಗಳನ್ನು ಈಗಲೇ ಉರುಹೊಡೆಯಿರಿ ಎಂದವರ ಮಾತನ್ನು ಆದ್ದರಿಂದ ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಪದವಿಯನ್ನು ಪೂರ್ಣಗೊಳಿಸುತ್ತೇನೆ, ಐಚ್ಛಿಕ ವಿಷಯವಾಗಿ ಲೆಕ್ಕಶಾಸ್ತ್ರವನ್ನು ಆರಿಸಿಕೊಂಡಿದ್ದೇನೆ, ಬರುವ ರಜೆಯಲ್ಲಿ ಅದೇ ಕಚೇರಿಯಲ್ಲಿ ಕಡತ ಜೋಡಿಸುವ ಸಹಾಯಕನಾಗಿ ಸೇರುತ್ತಿದ್ದೇನೆ.