ಕೈಯಿಂದ ಓಡಿಸಿದರೆ ಸ್ಕ್ರೀನ್‌ಶಾಟ್ ಬರುತ್ತದೆ, ಕ್ರಾನ್‌ಗೆ ಹಾಕಿದರೆ ಇಲ್ಲ, ಎಂತ ಮಾಡುವುದು?

ಬಂದರು ಬದಿಯವ:

ನಮ್ಮದು ಮಲ್ಪೆಯಲ್ಲಿ ಸಣ್ಣ ಐಸ್ ಪ್ಲಾಂಟ್. ಬ್ರೈನ್ (ಉಪ್ಪುನೀರು) ಟ್ಯಾಂಕಿನ ಟೆಂಪರೇಚರ್, ಕಂಪ್ರೆಸರಿನ ಸಕ್ಷನ್ (ಒಳಗೆ ಎಳೆಯುವ), ಡಿಸ್ಚಾರ್ಜ್ (ಹೊರಗೆ ತಳ್ಳುವ) ಪ್ರೆಶರ್ ಎಲ್ಲ ಒಂದು ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ಪೇಜ್ ಆಗಿ ಕಾಣುತ್ತದೆ. ಆದರೆ ಆ ಪೇಜಿನಲ್ಲಿ ಈ ಕ್ಷಣದ ನಂಬರ್ ಮಾತ್ರ, ಹಳೆಯದು ಯಾವುದೂ ಉಳಿಯುವುದಿಲ್ಲ. ಅದಕ್ಕೇ ಅಪ್ಪ ರಾತ್ರಿ ಗಂಟೆಗೊಮ್ಮೆ ಎದ್ದು ಪುಸ್ತಕದಲ್ಲಿ ಬರೆಯುತ್ತಾರೆ. ಅವರಿಗೆ 64 ವರ್ಷ. ಜೂನ್, ಜುಲೈ ಎರಡು ತಿಂಗಳ ನಿಷೇಧ ಮುಗಿದು ಆಗಸ್ಟ್ 1ಕ್ಕೆ ಬೋಟುಗಳು ಇಳಿದ ಮೇಲಂತೂ ಪ್ಲಾಂಟ್ ನಿಲ್ಲುವುದೇ ಇಲ್ಲ, ಅವರ ನಿದ್ದೆ ಪೂರ್ತಿ ಹೋಗುತ್ತದೆ.

ಹತ್ತು ನಿಮಿಷಕ್ಕೊಮ್ಮೆ ಪರದೆಯ ಚಿತ್ರ ತಾನಾಗಿ ಉಳಿದರೆ ಸಾಕು ಅಂತ ನೋಡುತ್ತಿದ್ದೇನೆ. ಉಬುಂಟು 22.04, ಪರದೆಯ ಚಿತ್ರ ತೆಗೆಯುವ ಸ್ಕ್ರಾಟ್ ಪ್ರೋಗ್ರಾಂ ಹಾಕಿದ್ದೇನೆ. ಟರ್ಮಿನಲ್‌ನಲ್ಲಿ ಕೈಯಿಂದ ಕೊಟ್ಟರೆ ತಾರೀಖು, ಗಂಟೆ ಹೆಸರಲ್ಲೇ ಫೈಲ್ ಚಂದ ಮಾಡಿ ಬರುತ್ತದೆ. ಅದೇ ಸಾಲನ್ನು, ಹೊತ್ತಿಗೆ ಸರಿಯಾಗಿ ತಾನಾಗಿ ಆಜ್ಞೆ ಓಡಿಸುವ ಕ್ರಾನ್‌ನ ಪಟ್ಟಿಯಾದ ಕ್ರಾನ್‌ಟ್ಯಾಬ್‌ನಲ್ಲಿ ಹಾಕಿದರೆ ಫೈಲೂ ಇಲ್ಲ, ಎರರ್ ಕೂಡ ಇಲ್ಲ. ಮೂರು ದಿನ ಆಯಿತು. ಗೊತ್ತಿದ್ದವರು ಹೇಳಿ.

ಕದ್ರಿ ಗುಡ್ಡೆ:

ಎರರ್ ಇಲ್ಲ ಅಂತ ಅಲ್ಲ, ನಿಮಗೆ ಕಾಣುತ್ತಿಲ್ಲ ಅಷ್ಟೇ. ಕ್ರಾನ್ ತನ್ನ ಎರರನ್ನು ಮೇಲ್ ಮಾಡಲು ನೋಡುತ್ತದೆ, ಮೇಲ್ ಕಳಿಸುವ ಪ್ರೋಗ್ರಾಂ ಇಲ್ಲದಿದ್ದರೆ ಬಿಸಾಡಿಬಿಡುತ್ತದೆ. ಮೊದಲು ಸಾಲಿನ ಕೊನೆಗೆ ಔಟ್‌ಪುಟ್ ಮತ್ತು ಎರರ್ ಎರಡೂ ಒಂದು ಲಾಗ್ ಫೈಲಿಗೆ ಹೋಗುವ ಹಾಗೆ ಮಾಡಿ.

ನನ್ನ ಅಂದಾಜಿನಲ್ಲಿ ನಿಮಗೆ ಒಂದಲ್ಲ, ಎರಡು ತೊಂದರೆ ಉಂಟು. ಒಂದು, ಶೇಕಡಾ ಚಿಹ್ನೆ. ತಾರೀಖಿಗೆ % ಬಳಸಿದ್ದೀರಲ್ವಾ, ಕ್ರಾನ್‌ಟ್ಯಾಬ್‌ನಲ್ಲಿ % ಅಂದರೆ ಸಾಲು ಅಲ್ಲಿಗೇ ಮುಗಿಯಿತು ಅಂತ ಅರ್ಥ. ಪ್ರತಿ % ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕಲೇಬೇಕು. ಇದು ಗೊತ್ತಿಲ್ಲದೆ ನಾನು ಒಂದು ಇಡೀ ಭಾನುವಾರ ಕಳೆದಿದ್ದೇನೆ.

ಇನ್ನೊಂದು, ಕ್ರಾನ್‌ಗೆ ನಿಮ್ಮ ಪರದೆ ಯಾವುದು ಅಂತಲೇ ಗೊತ್ತಿಲ್ಲ. ನೀವು ಟರ್ಮಿನಲ್ ತೆರೆದಾಗ ಡಿಸ್‌ಪ್ಲೇ ಮತ್ತು ಎಕ್ಸ್‌ಅಥಾರಿಟಿ ಅನ್ನುವ ಎರಡು ವೇರಿಯೇಬಲ್ ಮೊದಲೇ ತುಂಬಿರುತ್ತವೆ, ಕ್ರಾನ್‌ಗೆ ಅವು ಸಿಗುವುದಿಲ್ಲ. ಟರ್ಮಿನಲ್‌ನಲ್ಲಿ ಎಕೋ ಆಜ್ಞೆ ಕೊಟ್ಟು ಎರಡರ ಬೆಲೆಯನ್ನೂ ನೋಡಿ, ಕ್ರಾನ್‌ಟ್ಯಾಬ್‌ನ ಮೇಲ್ಭಾಗದಲ್ಲಿ ಬರೆಯಿರಿ. ಸುಮ್ನೆ ಡಿಸ್‌ಪ್ಲೇ :0 ಅಂತ ಊಹಿಸಬೇಡಿ, :1 ಕೂಡ ಇರಬಹುದು.

ಮತ್ತೆ, ಪರದೆ ತೋರಿಸುವ ವ್ಯವಸ್ಥೆ ಎರಡು ಉಂಟು, ನೀವು ಲಾಗಿನ್ ಆಗಿರುವುದು ವೇಲ್ಯಾಂಡ್‌ನಲ್ಲೋ ಎಕ್ಸ್‌ಆರ್ಗ್‌ನಲ್ಲೋ ನೋಡಿಕೊಳ್ಳಿ. ಉಬುಂಟು 21.04ರಿಂದ ವೇಲ್ಯಾಂಡೇ ಮೊದಲ ಆಯ್ಕೆ. ಸ್ಕ್ರಾಟ್ ಎಕ್ಸ್‌ಆರ್ಗ್‌ಗೆ ಬರೆದ ಪ್ರೋಗ್ರಾಂ, ವೇಲ್ಯಾಂಡ್‌ನಲ್ಲಿ ಕಪ್ಪು ಚಿತ್ರ ಕೊಡುತ್ತದೆ. ಲಾಗಿನ್ ಪರದೆಯಲ್ಲಿ ಮೂಲೆಯ ಗಿಯರ್ ಒತ್ತಿದರೆ ಎಕ್ಸ್‌ಆರ್ಗ್ ಆರಿಸಬಹುದು.

ಬಂದರು ಬದಿಯವ:

ಕದ್ರಿಯವರೇ, ತುಂಬಾ ಉಪಕಾರ ಆಯಿತು. ನೀವು ಹೇಳಿದ ಎರಡೂ ತಪ್ಪು ಇತ್ತು, ಡಿಸ್‌ಪ್ಲೇ :1 ಅಂತಲೇ ಬಂತು. ಎಕ್ಸ್‌ಆರ್ಗ್ ಮೊದಲೇ ಇತ್ತು. ನಿನ್ನೆ ಸಂಜೆಯಿಂದ ಚಿತ್ರ ಬರುತ್ತಿದೆ. ಆದರೆ ಎಂಟೂವರೆ ನಂತರದ್ದೆಲ್ಲ ಬರೀ ಲಾಕ್ ಸ್ಕ್ರೀನ್. ಮತ್ತೆ ಬೆಳಿಗ್ಗೆ ಕರೆಂಟ್ ಹೋಗಿ ಬಂದ ಮೇಲೆ ಒಂದೂ ಇಲ್ಲ.

ಮಣಿಪಾಲ ಮಳೆ:

ಕ್ರಾನ್ ಬಿಟ್ಟೇಬಿಡಿ ಮಾರಾಯ್ರೆ. ರೀಸ್ಟಾರ್ಟ್ ಆದಾಗ ಆ ಡಿಸ್‌ಪ್ಲೇ ನಂಬರ್ ಬದಲಾಗಿರಲೂಬಹುದು, ಲಾಗಿನ್ ಆಗದೆ ಕೂತಿದ್ದರೆ ಪರದೆಯೇ ಇಲ್ಲ, ಹಾಗಿರುವಾಗ ಕ್ರಾನ್ ಎಷ್ಟು ಸಲ ಓಡಿದರೆ ಏನು. ಒಂದು ಸಣ್ಣ ಶೆಲ್ ಸ್ಕ್ರಿಪ್ಟ್ ಬರೆಯಿರಿ: ಒಂದು ವೈಲ್ ಲೂಪ್ (ಅದನ್ನೇ ಮತ್ತೆ ಮತ್ತೆ ಮಾಡಿಸುವುದು), ಒಳಗೆ ಸ್ಕ್ರಾಟ್, ಆಮೇಲೆ ಸ್ಲೀಪ್ 600 (ಹತ್ತು ನಿಮಿಷ ಕಾಯುವುದು), ಅಷ್ಟೇ. ಅದನ್ನು ಸ್ಟಾರ್ಟಪ್ ಅಪ್ಲಿಕೇಶನ್ಸ್‌ಗೆ ಸೇರಿಸಿ. ಡೆಸ್ಕ್‌ಟಾಪ್ ಜೊತೆಗೇ ಶುರುವಾಗುವುದರಿಂದ ಪರದೆಯ ವಿಳಾಸ ಅದಕ್ಕೆ ತಾನಾಗಿ ಸಿಗುತ್ತದೆ. ಸ್ಕ್ರಿಪ್ಟ್ ಒಳಗೆ % ಮುಂದೆ ಬ್ಯಾಕ್‌ಸ್ಲ್ಯಾಶ್ ಬೇಡ, ಹಾಕಿದ್ದರೆ ತೆಗೆಯಿರಿ.

ಆಟೋ ಲಾಗಿನ್ ಆನ್, ಸ್ಕ್ರೀನ್ ಲಾಕ್ ಆಫ್, ಪರದೆ ಆರುವ ಸಮಯ ನೆವರ್. ಫೈರ್‌ಫಾಕ್ಸ್ ಕೂಡ ಆ ಪೇಜಿನ ಸಮೇತ ಸ್ಟಾರ್ಟಪ್‌ನಲ್ಲಿ ಇರಲಿ. ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್) ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಆಯ್ಕೆ ಇರುತ್ತದೆ, ನಮ್ಮ ಕಡೆಯ ಮಳೆಗಾಲಕ್ಕೆ ಅದು ಬೇಕೇ ಬೇಕು. ಲಾಕ್ ತೆಗೆದ ಮೇಲೆ ಆ ಕೋಣೆಗೆ ಯಾರ್ಯಾರು ಬರುತ್ತಾರೆ ಅಂತಲೂ ಸ್ವಲ್ಪ ಯೋಚಿಸಿ.

ಸುರತ್ಕಲ್ ಕಡಲು:

ನಾನು ಕೋಲ್ಡ್ ಸ್ಟೋರೇಜ್ ಕೆಲಸದಲ್ಲಿ ಇದ್ದವನು, ಅದಕ್ಕೇ ಒಂದು ಮಾತು ಹೇಳಬೇಕು ಅನಿಸಿತು. ನಿಮ್ಮದು ಅಮೋನಿಯಾ ಪ್ಲಾಂಟ್ ಅಲ್ವಾ? ಸ್ಕ್ರೀನ್‌ಶಾಟ್ ಆಮೇಲೆ ನೋಡಲಿಕ್ಕೆ ಮಾತ್ರ. ಡಿಸ್ಚಾರ್ಜ್ ಪ್ರೆಶರ್ ಏರಿದರೆ ಅದು ಯಾರನ್ನೂ ಎಬ್ಬಿಸುವುದಿಲ್ಲ, ಚಿತ್ರ ತೆಗೆದು ಇಟ್ಟುಕೊಳ್ಳುತ್ತದೆ ಅಷ್ಟೇ. ಹೈ ಪ್ರೆಶರ್ ಕಟೌಟ್ (ಪ್ರೆಶರ್ ಮೀರಿದರೆ ಕಂಪ್ರೆಸರ್ ನಿಲ್ಲಿಸುವ ಸ್ವಿಚ್) ಸರಿಯಾಗಿ ಟ್ರಿಪ್ ಆಗುತ್ತದಾ ಪರೀಕ್ಷೆ ಮಾಡಿಸಿ, ಗ್ಯಾಸ್ ಲೀಕಿಗೆ ಬೇರೆ ಅಲಾರಂ ಇರಲಿ. ಅಲ್ಲಿಯವರೆಗೆ ರಾತ್ರಿ ಯಾರಾದರೂ ಎಚ್ಚರ ಇರಲೇಬೇಕು, ಅಪ್ಪ ಅಲ್ಲದಿದ್ದರೆ ನೀವು.

ಜಾಗದ ಲೆಕ್ಕವನ್ನೂ ಹಾಕಿ. ದಿನಕ್ಕೆ 144 ಚಿತ್ರ, ಒಂದೊಂದು 300 ಕೆಬಿ ಅಂತ ಇಟ್ಟರೆ ತಿಂಗಳಿಗೆ ಸುಮಾರು 1.3 ಜಿಬಿ. ಜಾಗ ಉಳಿಸಲು ಜೆಪೆಗ್ ಮಾಡಲು ಹೋಗಬೇಡಿ, ಸಣ್ಣ ಅಂಕೆಗಳು ಮಸುಕಾಗುತ್ತವೆ, 3 ಮತ್ತು 8 ಗೊತ್ತಾಗದಿದ್ದರೆ ಚಿತ್ರ ಇದ್ದು ಎಂತ ಪ್ರಯೋಜನ. ಪಿಎನ್‌ಜಿಯಲ್ಲೇ ಇರಲಿ, ಮೂರು ತಿಂಗಳಿಗಿಂತ ಹಳೆಯದನ್ನು ಫೈಂಡ್ ಆಜ್ಞೆಯಿಂದ ಅಳಿಸಿ. ಮದರ್‌ಬೋರ್ಡಿನ ಬಟನ್ ಸೆಲ್ ಹಳೆಯದಾಗಿದ್ದರೆ ಬದಲಿಸಿ, ಕರೆಂಟ್ ಹೋದಾಗ ಗಡಿಯಾರ ಹಿಂದಕ್ಕೆ ಹೋದರೆ ಫೈಲಿನ ಹೆಸರಲ್ಲಿರುವ ಸಮಯವೂ ಸುಳ್ಳಾಗುತ್ತದೆ.

ಬಂದರು ಬದಿಯವ:

ಎಲ್ಲರಿಗೂ ನಮಸ್ಕಾರ. ಲೂಪ್ ಹಾಕಿ ನಾಲ್ಕು ದಿನ ಆಯಿತು, ಸರಿಯಾಗಿ ನಡೆಯುತ್ತಿದೆ. ಕಟೌಟ್ ನೋಡಲು ಮೆಕ್ಯಾನಿಕ್ ಗುರುವಾರ ಬರುತ್ತಾರೆ, ಅಲ್ಲಿಯವರೆಗೆ ರಾತ್ರಿ ನಾನೇ ಕೂರುತ್ತೇನೆ. ನಿನ್ನೆ ರಾತ್ರಿ 2:43ರ ಚಿತ್ರ ಆದ ಮೇಲೆ ಸೀದಾ 3:28ರದ್ದು ಇತ್ತು, ಕರೆಂಟ್ ಹೋಗಿತ್ತು. ಆ ಎರಡು ಚಿತ್ರದಲ್ಲಿ ಬ್ರೈನ್ ಎಷ್ಟು ಡಿಗ್ರಿ ಏರಿದೆ ಅಂತ ಬೆಳಿಗ್ಗೆ ಅಪ್ಪನೇ ನೋಡಿ ಪುಸ್ತಕದಲ್ಲಿ ಬರೆದುಕೊಂಡರು.