ಕರ್ಣ, ಬೆಳಕಿನ ಕತ್ತಿ ಮತ್ತು ಅಜ್ಜನ ಟ್ರಂಕು

(ನಮ್ಮ ಮನೆತನದ ಗುಂಪಿನಲ್ಲಿ ಪೂರ್ಣ ವಾಕ್ಯಗಳನ್ನೇ ಬರೆಯಬೇಕೆಂಬುದು ನಿವೃತ್ತ ಕನ್ನಡ ಮೇಷ್ಟ್ರಾದ ದೊಡ್ಡಪ್ಪನ ಕಟ್ಟಳೆ. ಜಗಳಕ್ಕೂ ಅದರಿಂದ ವಿನಾಯಿತಿಯಿಲ್ಲ.)

ಚಿಕ್ಕಪ್ಪ (ಫಾರ್ವರ್ಡ್): ಹಾಲಿವುಡ್ಡಿನ ಸ್ಟಾರ್ ವಾರ್ಸ್ ನಮ್ಮ ಕರ್ಣನ ಕಥೆಯ ನಕಲು! ಜನ್ಮರಹಸ್ಯ ತಿಳಿದ ಮೇಲೆ ಕೊಲ್ಲಲು ಒಪ್ಪದ ವೀರ ಜಗತ್ತಿಗೆ ನಮ್ಮ ಕೊಡುಗೆ. ಹೆಮ್ಮೆಯಿದ್ದರೆ ಹತ್ತು ಜನರಿಗೆ ಕಳುಹಿಸಿ.

ಬೆಂಗಳೂರು ಅಕ್ಕ: ಚಿಕ್ಕಪ್ಪ, ಇದಕ್ಕೆ ಆಧಾರವೇನು? ಸ್ಟಾರ್ ವಾರ್ಸ್ ಸೃಷ್ಟಿಸಿದ ಜಾರ್ಜ್ ಲ್ಯೂಕಾಸ್ ತಾವೇ ಒಪ್ಪಿಕೊಂಡಿರುವುದು ನಿರ್ದೇಶಕ ಕುರೊಸಾವಾ 1958ರಲ್ಲಿ ತೆಗೆದ ಜಪಾನಿ ಚಿತ್ರದ ಋಣವನ್ನು. 1980ರ ಭಾಗದಲ್ಲಿ ವೈರಿಯೇ ತಂದೆಯೆಂದು ತಿಳಿದ ನಾಯಕ ಲ್ಯೂಕ್, 1983ರ ಭಾಗದಲ್ಲಿ ಅವನನ್ನು ಕೊಲ್ಲಲಾರೆನೆಂದು ಬೆಳಕಿನ ಕತ್ತಿಯನ್ನು ಎಸೆಯುವುದು ನಿಜ. ಆದರೆ 1977ರಲ್ಲಿ ಡೆತ್ ಸ್ಟಾರ್ ಎಂಬ ಇಡೀ ಬಾಹ್ಯಾಕಾಶ ಕೋಟೆಯನ್ನು ಜನರ ಸಮೇತ ಸಿಡಿಸಿದವನೂ ಅವನೇ. ಕರ್ಣನಾದರೂ ಕುಂತಿಗೆ ಮಾತು ಕೊಟ್ಟದ್ದು ಅರ್ಜುನನನ್ನು ಬಿಟ್ಟು ಉಳಿದ ನಾಲ್ವರ ಪ್ರಾಣಕ್ಕೆ ಮಾತ್ರ. ಭೀಮನ ಮಗ ಘಟೋತ್ಕಚನನ್ನು ಅವನು ಉಳಿಸಲಿಲ್ಲ.

ಚಿಕ್ಕಪ್ಪ: ನಾನು ಕಳುಹಿಸಿದ ಮೆಂತ್ಯದ ಕಷಾಯಕ್ಕೂ ನೀನು ಆಧಾರ ಕೇಳಿದ್ದೆ. ನಿಮ್ಮಮ್ಮ ಇವತ್ತಿಗೂ ಅದನ್ನೇ ಕುಡಿಯುತ್ತಿದ್ದಾರೆ.

ಸಾಗರದ ದೊಡ್ಡಪ್ಪ: ಓದದೆ ಕಳುಹಿಸುವುದೂ ತಿಳಿಯದೆ ಆಡುವುದೂ ಒಂದೇ ಜಾತಿಯ ದೋಷ. ಕೃಷ್ಣನು ಹುಟ್ಟಿನ ಗುಟ್ಟನ್ನು ಹೇಳಿದಾಗ ಕುಮಾರವ್ಯಾಸನ ಕರ್ಣನು ಹಿಗ್ಗುವುದಿಲ್ಲ. ‘ತನ್ನ ವಂಶವನರುಹಿ ಕೊಂದನು’ ಎಂದು ಮನಸ್ಸಿನಲ್ಲೇ ಮರುಗುತ್ತಾನೆ. ಆಯುಧ ಹಿಡಿಯದವರೂ ಕೊಲ್ಲಬಲ್ಲರೆಂಬುದನ್ನು ಕೆಲವರು ನೆನಪಿಟ್ಟುಕೊಂಡರೆ ಒಳ್ಳೆಯದು.

ಭಾವ: ಮಾವ, ಯಕ್ಷಗಾನದ ಆಟದ ದಿನಗಳು ನೆನಪಾದವು. ಗದ್ದೆಯಲ್ಲಿ ಕಂಬಳಿ ಹೊದ್ದು ಕೂತು ಬೆಳಗಿನ ಜಾವದವರೆಗೆ ಕರ್ಣಪರ್ವ ನೋಡುತ್ತಿದ್ದೆವು. ಕುಂತಿಯ ಪ್ರವೇಶವಾದೊಡನೆ ಅಜ್ಜ ಮಾತ್ರ ಕವಳ ಹಾಕುವ ನೆಪದಲ್ಲಿ ಎದ್ದು ಹೋಗುತ್ತಿದ್ದರು. ಶೇಂಗಾ ಪೊಟ್ಟಣ ಅವರ ಜೇಬಿನಲ್ಲೇ ಇರುತ್ತಿದ್ದುದರಿಂದ ನಮಗೆಲ್ಲ ಸಿಟ್ಟು ಬರುತ್ತಿತ್ತು.

ಹುಬ್ಬಳ್ಳಿ ಅತ್ತೆ: ಅಣ್ಣ, ಆ ‘ಕೆಲವರು’ ಯಾರೆಂದು ನನಗೆ ತಿಳಿಯುತ್ತದೆ. ಅಪ್ಪನ ವೈಕುಂಠ ಸಮಾರಾಧನೆಯ ದಿನ, ಪಂಕ್ತಿಯಲ್ಲಿ ಕೂತವರೆಲ್ಲರ ಎದುರು, ನಿನ್ನ ಹೆತ್ತ ತಾಯಿ ಬೇರೆ ಎಂದದ್ದು ನನ್ನ ತಪ್ಪೇ. ಆದರೆ ಟ್ರಂಕಿನ ತಳದಿಂದ ಆ ಫೋಟೋ ತೆಗೆದು ‘ಇವರು ಯಾರು’ ಎಂದು ಮೂರು ಸಲ ಕೇಳಿದವನು ನೀನು. ಹಿಂಬದಿಯಲ್ಲಿ ಅಪ್ಪನ ನೀಲಿ ಶಾಯಿಯ ಅಕ್ಷರಗಳಿದ್ದವು; ಹೆಸರಿದ್ದ ಕಡೆ ಮಾತ್ರ ಬ್ಲೇಡಿನಲ್ಲಿ ಕೆರೆದು ಕಾಗದ ತೆಳ್ಳಗಾಗಿತ್ತು. ನಾನು ಸುಳ್ಳು ಹೇಳಬೇಕಿತ್ತೇ?

ಸಾಗರದ ದೊಡ್ಡಪ್ಪ: ಹೇಳಿದ್ದಕ್ಕೆ ನನಗೆ ಬೇಸರವಿಲ್ಲ. ನಿನಗೆ ಇಪ್ಪತ್ತು ವರ್ಷಗಳಿಂದ ಗೊತ್ತಿತ್ತಲ್ಲ, ಅದಕ್ಕೆ ಬೇಸರ. ಕೃಷ್ಣನಾದರೂ ಕರ್ಣನೊಬ್ಬನನ್ನೇ ರಥದಲ್ಲಿ ಕೂರಿಸಿಕೊಂಡು ಹೇಳಿದ. ಪಾಯಸ ಬಡಿಸುವ ಹೊತ್ತಿನಲ್ಲಿ ಹೇಳಲಿಲ್ಲ.

ಹುಬ್ಬಳ್ಳಿ ಅತ್ತೆ: ಅಮ್ಮ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು.

ಚಿಕ್ಕಪ್ಪ: ನಾನು ಕಳುಹಿಸಿದ್ದು ಸಿನಿಮಾದ ವಿಷಯ. ಅದರಲ್ಲಿ ಅಮ್ಮನ ಮಾತು ಎಲ್ಲಿಂದ ಬಂತು?

ಬೆಂಗಳೂರು ಅಕ್ಕ: ನೀವು ಕಳುಹಿಸಿದ್ದನ್ನು ಪೂರ್ತಿ ಓದಿದ್ದಿರಾ, ಚಿಕ್ಕಪ್ಪ?

ಚಿಕ್ಕಪ್ಪ: ಕರ್ಣನ ಚಿತ್ರ ಚೆನ್ನಾಗಿತ್ತು.

ಭಾವ: ಅಮ್ಮ, ಆ ಫೋಟೋ ಈಗ ಎಲ್ಲಿದೆ?

ಹುಬ್ಬಳ್ಳಿ ಅತ್ತೆ: ನನ್ನ ಬೀರುವಿನಲ್ಲಿ, ಪಂಚಾಂಗದ ನಡುವೆ ಇದೆ. ಅಣ್ಣ ಕೇಳಲಿಲ್ಲ, ನಾನು ಕೊಡಲಿಲ್ಲ.

ಸಾಗರದ ದೊಡ್ಡಪ್ಪ: ಎರಡು ಬದಿಯೂ ಸ್ಪಷ್ಟವಾಗಿ ಕಾಣುವಂತೆ ಚಿತ್ರ ತೆಗೆದು ಕಳುಹಿಸು. ಗುಂಪಿಗೆ ಬೇಡ, ನನಗೆ ಮಾತ್ರ.